ಎರಡನೇ ಚಾಲಕಿ: ಅರಿಜೋನಾದಿಂದ ಮಿಶಿಗನ್‌ಗೆ ಹೊರಟ ಒಂದು ಮೋಟರ್‌ಹೋಮಿನ ಪ್ರಕರಣ

ಒಕ್ಲಹೋಮ ರಾಜ್ಯದ ಎಲ್ಕ್ ಸಿಟಿ ಎಂಬ ಸಣ್ಣ ಊರಿನ ಆರ್‌ವಿ ಪಾರ್ಕಿನಲ್ಲಿ (ಮನೆಯಂಥ ಗಾಡಿಗಳು ತಂಗುವ ಜಾಗ) ಹಾಸಿಗೆ, ಅಡುಗೆಮನೆ ಎಲ್ಲ ಒಳಗೇ ಇರುವ 31 ಅಡಿ ಉದ್ದದ ಒಂದು ಮೋಟರ್‌ಹೋಮ್ ನಿಂತಿತ್ತು. ಅದನ್ನು ಓಡಿಸಬಲ್ಲ ನನ್ನ ಚಿಕ್ಕಪ್ಪ ಆಸ್ಪತ್ರೆಯ ಮಂಚದ ಮೇಲಿದ್ದರು. ಓಡಿಸಲು ಬಾರದ ಚಿಕ್ಕಮ್ಮ ಅವರ ಪಕ್ಕ ಕೂತು ನನಗೆ ಫೋನ್ ಮಾಡಿದ್ದರು. ಹೊರಟ ಊರು 930 ಮೈಲಿ ಹಿಂದೆ ಉಳಿದಿತ್ತು. ಸೇರಬೇಕಾದ ಊರು ಇನ್ನೂ 1,400 ಮೈಲಿ ಮುಂದಿತ್ತು. 2023ರ ಮೇ ತಿಂಗಳ ಆ ಇಕ್ಕಟ್ಟನ್ನೇ ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. ಆಮೇಲೆ ನಮ್ಮ ಬಳಗದಲ್ಲಿ ತಲೆಗೊಂದು ಮಾತಾಯಿತು, 'ಈ ವಯಸ್ಸಲ್ಲಿ ಬೇಕಿತ್ತಾ' ಎಂದವರೇ ಹೆಚ್ಚು. ವಯಸ್ಸಿನ ಮೇಲೆ ಹೊರಿಸಿಬಿಡುವುದು ಸುಲಭ. ಇಬ್ಬರು ಹೊರಟ ಗಾಡಿಗೆ ಒಬ್ಬರೇ ಚಾಲಕರಿದ್ದರಲ್ಲ, ಎಡವಟ್ಟು ಇದ್ದದ್ದು ಅಲ್ಲಿ ಎಂದು ನನ್ನ ಎಣಿಕೆ.

ಚಿಕ್ಕಪ್ಪನಿಗೆ ಆಗ 73, ಚಿಕ್ಕಮ್ಮನಿಗೆ 69. ಚಿಕ್ಕಪ್ಪ 1970ರ ದಶಕದ ಕೊನೆಯಲ್ಲಿ ಎಂ.ಎಸ್. ಓದಲು ಡೆಟ್ರಾಯಿಟ್‌ಗೆ ಬಂದು, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನಿವೃತ್ತಿಯವರೆಗೂ ಇದ್ದವರು. ಚಿಕ್ಕಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದರು. 1998ರಲ್ಲಿ ಮಿಶಿಗನ್ನಿನ ಅಪ್ಪರ್ ಪೆನಿನ್ಸುಲಾದಲ್ಲಿ ಎರಡು ಕೋಣೆಯ ಮರದ ಮನೆ ಕೊಂಡರು. ಅಲ್ಲಿಯವರು ಆ ಪ್ರದೇಶವನ್ನು 'ಯು.ಪಿ.' ಎನ್ನುತ್ತಾರೆ. ಬೆಂಗಳೂರಿನ ನಮ್ಮ ಅಜ್ಜಿ ಕೊನೆಯವರೆಗೂ ಮಗ ಉತ್ತರ ಪ್ರದೇಶದಲ್ಲಿ ಮನೆ ಕೊಂಡಿದ್ದಾನೆ ಎಂದೇ ತಿಳಿದಿದ್ದರು. ಮನೆ ಇರುವುದು ಹ್ಯೂರನ್ ಸರೋವರದ ಉತ್ತರ ದಂಡೆಯ ಸೀಡರ್‌ವಿಲ್ ಹತ್ತಿರ, ಲೇ ಶೆನೋ ಎಂಬ ಮೂವತ್ತಾರು ನಡುಗಡ್ಡೆಗಳ ಎದುರಿಗೆ. ನಿವೃತ್ತಿಯ ನಂತರ ಚಿಕ್ಕಮ್ಮನ ಮಂಡಿಗೆ ಮಿಶಿಗನ್ನಿನ ಚಳಿ ಆಗಿಬರಲಿಲ್ಲ. ಚಳಿಗಾಲಕ್ಕೆ ಅರಿಜೋನಾದ ಚಾಂಡ್ಲರ್, ಬೇಸಿಗೆಗೆ ಸೀಡರ್‌ವಿಲ್ ಎಂದಾಯಿತು. ಹೀಗೆ ಋತು ನೋಡಿಕೊಂಡು ಊರು ಬದಲಿಸುವ ನಿವೃತ್ತರನ್ನು ಅಮೆರಿಕದಲ್ಲಿ 'ಸ್ನೋಬರ್ಡ್' ಎನ್ನುತ್ತಾರೆ, ಚಳಿಗೆ ದಕ್ಷಿಣಕ್ಕೆ ಹಾರುವ ಹಕ್ಕಿಗಳು.

ವಿಮಾನದಲ್ಲಿ ಹೋದರೆ ಅಗ್ಗ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಈ ಗಾಡಿ ಒಂದು ಗ್ಯಾಲನ್ ಪೆಟ್ರೋಲಿಗೆ ಏಳೂವರೆ ಮೈಲಿ ಓಡುತ್ತದೆ. 2,300 ಮೈಲಿಗೆ ಸುಮಾರು 310 ಗ್ಯಾಲನ್ ಬೇಕು. ಗ್ಯಾಲನ್ನಿಗೆ ಮೂರು ಡಾಲರ್ ಎಂದು ಕಡಿಮೆ ಹಿಡಿದರೂ 900 ಡಾಲರ್ ದಾಟುತ್ತದೆ, ರಾತ್ರಿ ನಿಲ್ಲಿಸುವ ಜಾಗದ ಬಾಡಿಗೆ ಬೇರೆ. ಅಷ್ಟಾದರೂ ಚಿಕ್ಕಮ್ಮನದೊಂದು ಲೆಕ್ಕವಿತ್ತು. ಯು.ಪಿ.ಯಲ್ಲಿ ಸೋನಾ ಮಸೂರಿ ಸಿಗುವುದಿಲ್ಲ, ಇಂಗು ಸಿಗುವುದಿಲ್ಲ, ಗ್ರೈಂಡರ್ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಜುಲೈನಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಬಂದಾಗ ಎರಡು ಕೋಣೆ ಸಾಲುವುದಿಲ್ಲ, ಅಂಗಳದಲ್ಲಿ ನಿಂತ ಮೋಟರ್‌ಹೋಮೇ ಮೂರನೆಯ ಕೋಣೆ. ಚಿಕ್ಕಪ್ಪ ಲೆಕ್ಕ ಹಾಕಿದವರೇ ಅಲ್ಲ. ಅವರಿಗೆ ಓಡಿಸಬೇಕಿತ್ತು, ಅಷ್ಟೆ.

ಗಾಡಿ 2016ರದ್ದು, ಬಸ್ಸಿನ ಮೂತಿಯ 'ಕ್ಲಾಸ್ ಎ' ಜಾತಿ. ಫೋರ್ಡ್ ಎಫ್-53 ಚಾಸಿ ಮೇಲೆ ಕಟ್ಟಿದ್ದು, ವಿ-10 ಪೆಟ್ರೋಲ್ ಇಂಜಿನ್. ತುಂಬಿದಾಗ 18,000 ಪೌಂಡ್ ಮೀರಬಾರದು ಎಂದು ಚೀಟಿ ಅಂಟಿಸಿರುತ್ತಾರೆ, ಅಂದರೆ ಎಂಟು ಟನ್ನಿನ ಆಸುಪಾಸು. ಇಂಥದ್ದನ್ನು ಸ್ವಂತಕ್ಕೆ ಓಡಿಸಲು ಅರಿಜೋನಾದಲ್ಲಾಗಲಿ ಮಿಶಿಗನ್ನಿನಲ್ಲಾಗಲಿ ಲಾರಿಯವರ ಲೈಸೆನ್ಸ್ ಬೇಕಿಲ್ಲ, ಕಾರಿನದೇ ಸಾಕು. ಚಿಕ್ಕಮ್ಮನ ಪರ್ಸಿನಲ್ಲೂ ಅದೇ ಲೈಸೆನ್ಸ್ ಇತ್ತು. ಏಳು ವರ್ಷ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೆಲಸ ಹಂಚಿಕೊಂಡಿದ್ದ ರೀತಿ ಹೀಗಿತ್ತು. ಓಡಿಸುವುದು, ಹಿಂದಕ್ಕೆ ತೆಗೆಯುವುದು, ಕರೆಂಟು ನೀರು ಜೋಡಿಸುವುದು, ಮಲದ ಟ್ಯಾಂಕ್ ಖಾಲಿ ಮಾಡುವುದು ಚಿಕ್ಕಪ್ಪನ ಪಾಲು. ಅಡುಗೆ, ಔಷಧಿ, ಜಾಗದ ಬುಕಿಂಗ್, ಖರ್ಚಿನ ಲೆಕ್ಕ, ಪಾಸ್‌ವರ್ಡುಗಳು ಮತ್ತು ನೋಟ್‌ಬುಕ್ ಚಿಕ್ಕಮ್ಮನ ಪಾಲು. ಆ ನೋಟ್‌ಬುಕ್ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಲ್ಯಾಬಿನಲ್ಲಿ ಮೂವತ್ತು ವರ್ಷ ಅಂಕಿ ಬರೆದ ಕೈ ಅದು. ಮೊದಲ ದಿನದ ನಮೂದು: 'ಚಾಂಡ್ಲರ್‌ನಿಂದ ಗ್ಯಾಲಪ್. 350 ಮೈಲಿ. ಇವರಿಗೆ ಬೆನ್ನು ನೋವು. ಮೊಸರು ಚೆನ್ನಾಗಿ ಹೆಪ್ಪಾಗಿದೆ.' ಈ ಜಾತಿಯ ಗಾಡಿಯಲ್ಲಿ ಇಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ಬೇಸಿಗೆಯಲ್ಲಿ ಕಾಲು ಸುಡುತ್ತದೆ ಎಂದು ಎಲ್ಲರೂ ಬೈಯುವ ಆ ಮುಚ್ಚಳದ ಮೇಲೆ ಟವೆಲ್ ಸುತ್ತಿದ ಪಾತ್ರೆ ಇಟ್ಟು ಚಿಕ್ಕಮ್ಮ ಮೊಸರು ಹೆಪ್ಪು ಹಾಕುತ್ತಿದ್ದರು.

ಹೊರಡುವ ಕಾಲವನ್ನು ಆರಿಸುವುದೇ ಕಷ್ಟ. ಮೇ ಮೊದಲಾದರೆ ಸೀಡರ್‌ವಿಲ್‌ನಲ್ಲಿ ರಾತ್ರಿ ಇನ್ನೂ ನೀರು ಹೆಪ್ಪುಗಟ್ಟುವ ಚಳಿ, ಮನೆಯ ನಲ್ಲಿಗೆ ನೀರು ಬಿಡುವಂತಿಲ್ಲ. ಜೂನ್‌ವರೆಗೆ ಕಾದರೆ ಚಾಂಡ್ಲರ್‌ನಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಗಾಡಿಯ ಟೈರಿಗೂ ಮನುಷ್ಯರಿಗೂ ಸಂಕಟ. ಇವೆರಡರ ನಡುವೆ ಸಿಗುವ ಮೇ ತಿಂಗಳೇ ಟೆಕ್ಸಸ್, ಒಕ್ಲಹೋಮ ಬಯಲಿನಲ್ಲಿ ಸುಂಟರಗಾಳಿ ಅತಿ ಹೆಚ್ಚು ಏಳುವ ಕಾಲ. ಅದನ್ನು ತಪ್ಪಿಸಿಕೊಳ್ಳಲು ಚಿಕ್ಕಪ್ಪ ಕಂಡುಕೊಂಡ ಉಪಾಯ 'ಬಯಲನ್ನು ಬೇಗ ದಾಟಿಬಿಡೋಣ' ಎಂಬುದು. ಆರ್‌ವಿ ಜನರಲ್ಲಿ ಒಂದು ಬಾಯಿಪಾಠವಿದೆ: ದಿನಕ್ಕೆ 300 ಮೈಲಿ ಮೀರಬೇಡ, ಮಧ್ಯಾಹ್ನ ಮೂರರೊಳಗೆ ಜಾಗ ಸೇರು, ಒಂದು ಕಡೆ ಮೂರು ದಿನ ಇರು. ಚಿಕ್ಕಪ್ಪ ಹಾಕಿದ್ದು ಎಂಟು ದಿನದ ಯೋಜನೆ. ಮೊದಲ ದಿನ 350 ಮೈಲಿ, ಎರಡನೆಯ ದಿನ 430.

ಮೊದಲ ದಿನವೇ ಚಾಂಡ್ಲರ್ ಇರುವ ಫೀನಿಕ್ಸ್ ಬಯಲಿನ ಸುಮಾರು 1,100 ಅಡಿಯಿಂದ ಫ್ಲ್ಯಾಗ್‌ಸ್ಟಾಫಿನ 7,000 ಅಡಿಗೆ ಏರಬೇಕು. ಐ-17 ಹೆದ್ದಾರಿಯ ಆ ಏರಿನಲ್ಲಿ, ಇಂಜಿನ್ ಕಾಯದಿರಲು ಎ.ಸಿ. ಆರಿಸಿ ಎಂದು ರಸ್ತೆ ಬದಿಯಲ್ಲೇ ಫಲಕ ಹಾಕಿದ್ದಾರೆ. ಅಲ್ಲಿಂದ ಐ-40 ಹಿಡಿದು ಪೂರ್ವಕ್ಕೆ. ಗಡಿಯಾರದ ತಮಾಷೆಯೂ ಅಲ್ಲೇ ಶುರು. ಅರಿಜೋನಾ ಬೇಸಿಗೆಗೆ ಗಡಿಯಾರ ಮುಂದೆ ಹಾಕುವುದಿಲ್ಲ, ಅದೇ ರಾಜ್ಯದೊಳಗಿನ ನವಾಹೊ ಮೂಲನಿವಾಸಿಗಳ ನೆಲದಲ್ಲಿ ಹಾಕುತ್ತಾರೆ. ಮುಂದೆ ನ್ಯೂ ಮೆಕ್ಸಿಕೊ ಒಂದು ಗಂಟೆ, ಟೆಕ್ಸಸ್ ಎರಡು, ಸೀಡರ್‌ವಿಲ್ ಮೂರು ಗಂಟೆ ಮುಂದೆ. ಬೆಳಿಗ್ಗೆ ಏಳಕ್ಕೆ ನುಂಗುವ ರಕ್ತದೊತ್ತಡದ ಮಾತ್ರೆ ಯಾವ ಏಳಕ್ಕೆ? ಚಿಕ್ಕಮ್ಮ ತಮ್ಮ ಹಳೆಯ ಕೈಗಡಿಯಾರವನ್ನು ಕೊನೆಯವರೆಗೂ ಚಾಂಡ್ಲರ್ ಕಾಲದಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರು.

ಮೂರನೆಯ ದಿನ ಶುಕ್ರವಾರ. ಅಮರಿಲ್ಲೊ ಬಿಟ್ಟು ಸುಮಾರು 95 ಮೈಲಿ, ಶ್ಯಾಮ್‌ರಾಕ್ ಊರಿನ ಹತ್ತಿರ ಹಿಂದಿನ ಬಲಬದಿಯ ಒಳಗಿನ ಟೈರ್ ಸಿಡಿಯಿತು. ಹಿಂದೆ ಬದಿಗೆ ಎರಡೆರಡು ಟೈರ್ ಇರುವುದರಿಂದ ಗಾಡಿ ವಾಲಲಿಲ್ಲ. ಆದರೆ ಸುತ್ತುತ್ತಲೇ ಬಿಚ್ಚಿಕೊಂಡ ಟೈರಿನ ಪಟ್ಟಿ ಚಾಟಿಯಂತೆ ಬಡಿದು ಚಕ್ರದ ಗೂಡನ್ನು ಹರಿದುಹಾಕಿತು, ಸಿಂಕಿನ ಕೊಳಕು ನೀರಿನ ಪೈಪನ್ನೂ ಮುರಿಯಿತು. ಸಹಾಯದ ಲಾರಿ ಬರಲು ನಾಲ್ಕು ಗಂಟೆ ಹಿಡಿಯಿತು. ಲಾರಿಯವನು ಬಂದು ಹೊಸ ಟೈರ್ ಹಾಕಿ, ಹಳೆಯದನ್ನು ತಿರುಗಿಸಿ ತೋರಿಸಿದ. 2216 ಎಂದಿತ್ತು. 2016ರ ಇಪ್ಪತ್ತೆರಡನೆಯ ವಾರದಲ್ಲಿ ತಯಾರಾದದ್ದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಮೋಟರ್‌ಹೋಮ್ ಇಟ್ಟುಕೊಂಡವರು ಹೆಚ್ಚಾಗಿ ಎಡವುವುದು ಇದೇ ಜಾಗದಲ್ಲಿ. ಕಾರಿನ ಟೈರ್ ಓಡಿ ಸವೆಯುತ್ತದೆ, ಮೋಟರ್‌ಹೋಮಿನದು ನಿಂತು ಮುಪ್ಪಾಗುತ್ತದೆ. ವರ್ಷಕ್ಕೆ ಐದು ಸಾವಿರ ಮೈಲಿ ಓಡುವ ಗಾಡಿಯಲ್ಲಿ ಏಳು ವರ್ಷವಾದರೂ ಗೆರೆ ಹೊಸದರಂತೆ ಕಾಣುತ್ತದೆ. ಚಿಕ್ಕಪ್ಪ ಒಂದು ನಾಣ್ಯ ತೂರಿಸಿ ಗೆರೆಯ ಆಳ ನೋಡಿ ತೃಪ್ತರಾಗಿದ್ದರು. ಅರಿಜೋನಾದ ಬಿಸಿಲು ಪಕ್ಕದ ಗೋಡೆಯನ್ನು ಒಣಗಿಸಿ ಸೀಳು ಬಿಡಿಸಿದ್ದು ಗೆರೆಯಲ್ಲಿ ಗೊತ್ತಾಗುವುದಿಲ್ಲ. ತಯಾರಿಕೆಯ ವಾರವನ್ನು ಟೈರಿನ ಒಂದು ಬದಿಗೆ ಮಾತ್ರ ಪೂರ್ತಿ ಅಚ್ಚು ಹಾಕಿರುತ್ತಾರೆ. ಇವರ ಟೈರುಗಳಲ್ಲಿ ಆ ಬದಿ ಒಳಮುಖವಾಗಿತ್ತು, ನೋಡಬೇಕೆಂದರೆ ಗಾಡಿಯ ಕೆಳಗೆ ತೂರಬೇಕು. ಜೋಡಿ ಟೈರಿನಲ್ಲಿ ಒಂದರ ಗಾಳಿ ಕಡಿಮೆಯಾದರೆ ಇನ್ನೊಂದು ಸದ್ದಿಲ್ಲದೆ ಭಾರ ಹೊರುತ್ತದೆ, ಸ್ಟೀರಿಂಗಿಗೆ ಸುಳಿವೇ ಸಿಗುವುದಿಲ್ಲ.

ಜತೆಗೆ ಭಾರ. ಎಲ್ಕ್ ಸಿಟಿಗೆ ಬಂದ ಮೇಲೆ ಲಾರಿ ತಂಗುದಾಣದ ಕ್ಯಾಟ್ ತೂಕದ ಹಲಗೆಯ ಮೇಲೆ ಗಾಡಿ ನಿಲ್ಲಿಸಿ ನೋಡಿದೆವು. ಅದು ಮುಂದಿನ ಅಕ್ಷ ಹಿಂದಿನ ಅಕ್ಷ ಎಂದು ಬಿಡಿಬಿಡಿಯಾಗಿ ತೂಗುತ್ತದೆ. ಒಟ್ಟು ತೂಕ ಮಿತಿಯೊಳಗಿತ್ತು. ಹಿಂದಿನ ಅಕ್ಷ ಮಾತ್ರ 400 ಪೌಂಡ್ ಹೆಚ್ಚು. 'ಮರುಭೂಮಿ' ಎಂಬ ಭಯಕ್ಕೆ 50 ಗ್ಯಾಲನ್ ನೀರು ತುಂಬಿಸಿಕೊಂಡು ಹೊರಟಿದ್ದರು. ಗ್ಯಾಲನ್ ನೀರು ಎಂದರೆ 8.34 ಪೌಂಡ್, ನೀರೇ 417 ಪೌಂಡ್ ಆಯಿತು. ಟ್ಯಾಂಕ್ ಇದ್ದದ್ದು ಹಿಂಬದಿಯಲ್ಲಿ. ಹಿಂದಿನ ಕೆಳಗೂಡಿನಲ್ಲಿ ಇಪ್ಪತ್ತು ಪೌಂಡಿನ ಐದು ಅಕ್ಕಿ ಚೀಲ, ಬೇಳೆ, ಕಲ್ಲಿನ ಗ್ರೈಂಡರ್. ರಾತ್ರಿ ನಿಲ್ಲುವ ಪಾರ್ಕುಗಳಲ್ಲೆಲ್ಲ ನಲ್ಲಿ ಇತ್ತು, ಆ ನೀರಿನಲ್ಲಿ ಮುಕ್ಕಾಲು ಪಾಲು ಬರೀ ಸವಾರಿ ಮಾಡಿತು.

ಈಗ ಶನಿವಾರ. ಪೈಪ್ ಜೋಡಿಸುವ ಮೆಕ್ಯಾನಿಕ್ ಸೋಮವಾರ ಬರುತ್ತೇನೆಂದಿದ್ದ. ಸುಮ್ಮನಿರಲಾರದೆ ಚಿಕ್ಕಪ್ಪ ಬಿಸಿಲಿನಲ್ಲಿ ಗಾಡಿಯ ಕೆಳಗೆ ಮಲಗಿ ಹರಿದ ತಗಡು ಬಿಚ್ಚಿದರು. ಮೂರು ದಿನದಿಂದ ಅವರು ನೀರನ್ನೇ ಕಡಿಮೆ ಮಾಡಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಮೂತ್ರಕ್ಕೆಂದು ಎಂಟು ಟನ್ನಿನ ಗಾಡಿಯನ್ನು ಪದೇ ಪದೇ ನಿಲ್ಲಿಸುವುದು ಬೇಡ ಎಂದಂತೆ. ಬೆನ್ನ ಹಿಂದೆಯೇ ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಇಟ್ಟುಕೊಂಡು, 50 ಗ್ಯಾಲನ್ ನೀರು ಹೊತ್ತುಕೊಂಡು! ಮೊದಲ ದಿನದ 'ಬೆನ್ನು ನೋವು' ಬೆನ್ನಿನದಾಗಿರಲಿಲ್ಲ. ಶನಿವಾರ ರಾತ್ರಿ ಹತ್ತಕ್ಕೆ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ವಾಂತಿ. ಮೂತ್ರಪಿಂಡದ ಕಲ್ಲು.

ಮೋಟರ್‌ಹೋಮಿನವರು ಸಾಮಾನ್ಯವಾಗಿ ಹಿಂದೆ ಒಂದು ಸಣ್ಣ ಕಾರು ಕಟ್ಟಿಕೊಂಡು ಎಳೆಯುತ್ತಾರೆ. ಇವರ ಕಾರು ಸೀಡರ್‌ವಿಲ್‌ನ ಶೆಡ್ಡಿನಲ್ಲಿತ್ತು. ನೀರು, ಕರೆಂಟು, ಪೈಪು ಎಲ್ಲ ಜೋಡಿಸಿ ನಿಂತ ಗಾಡಿ, ಓಡಿಸುವವರು ನೆಲದ ಮೇಲೆ ಮುದುರಿಕೊಂಡಿದ್ದಾರೆ. ಚಿಕ್ಕಮ್ಮ ಪಕ್ಕದ ಜಾಗದವರ ಬಾಗಿಲು ಬಡಿದರು. ಒಬ್ಬರೇ ಟ್ರೇಲರ್ ಎಳೆದುಕೊಂಡು ಸುತ್ತುತ್ತಿದ್ದ ಕ್ಯಾನ್ಸಸ್‌ನ ಹೆಂಗಸು. ರಾತ್ರಿ ಉಡುಪಿನಲ್ಲೇ ಬಂದು ತಮ್ಮ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ನನಗೆ ಫೋನ್ ಬಂದದ್ದು ಅಲ್ಲಿಂದ. 'ಗಾಬರಿ ಆಗ್ಬೇಡ, ಬಾ ಅಂತ ಹೇಳ್ತಿಲ್ಲ' ಎಂದರು ಚಿಕ್ಕಮ್ಮ. ನಾನಿರುವ ಡಲ್ಲಾಸಿನಿಂದ ಐದು ಗಂಟೆಯ ದಾರಿ. ನಸುಕಿಗೆ ತಲುಪಿದೆ.

ಸ್ಕ್ಯಾನಿನಲ್ಲಿ 4 ಮಿಲಿಮೀಟರಿನ ಕಲ್ಲು. ಅಷ್ಟು ಚಿಕ್ಕದು ಹೆಚ್ಚಾಗಿ ತಾನೇ ಹೊರಬೀಳುತ್ತದೆ, ಶಸ್ತ್ರಚಿಕಿತ್ಸೆ ಬೇಡ ಎಂದರು. ನೋವಿಗೆ ಅಫೀಮಿನ ಜಾತಿಯ ಮಾತ್ರೆ, ಮೂತ್ರನಾಳ ಸಡಿಲಿಸಲು ಟ್ಯಾಮ್‌ಸುಲೋಸಿನ್. ಮೊದಲನೆಯದು ಮಂಪರು, ಎರಡನೆಯದು ತಲೆಸುತ್ತು, ಎರಡೂ ಚಾಲಕನಿಗೆ ಆಗದವು. ಡಾಕ್ಟರು ಕೇಳಿದಾಗ ತಾವು ದಿನಾ ನುಂಗುವ ಮಾತ್ರೆಗಳ ಹೆಸರು ಚಿಕ್ಕಪ್ಪನಿಗೆ ಒಂದೂ ಬರಲಿಲ್ಲ ಎಂಬುದನ್ನು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾರೆ. ಆಕೆಗೆ ಗಾಡಿ ಬಾರದಂತೆ ಅವರಿಗೆ ಮಾತ್ರೆ ಬಾರದು.

ವಿಮೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಎರಡು ರಾಜ್ಯದಲ್ಲಿ ಮನೆಯಿರುವ ನಮ್ಮವರು ಬಹಳ ಜನ ಇದನ್ನು ಗಮನಿಸಿಲ್ಲ. ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ಮೂಲ ಮೆಡಿಕೇರ್ ದೇಶದಲ್ಲೆಲ್ಲ ನಡೆಯುತ್ತದೆ, ಅದನ್ನು ಒಪ್ಪುವ ಯಾವ ಡಾಕ್ಟರ ಬಳಿಗೂ ಹೋಗಬಹುದು. ಚಿಕ್ಕಪ್ಪ ತಿಂಗಳ ಕಂತು ಕಡಿಮೆ ಎಂದು ಖಾಸಗಿಯವರು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ ಸೇರಿದ್ದರು, ಅದರಲ್ಲೂ ಎಚ್‌ಎಂಒ ಬಗೆಯದು, ಅಂದರೆ ಮಾಮೂಲಿ ಚಿಕಿತ್ಸೆಗೆ ಅವರ ಜಾಲದ ಡಾಕ್ಟರುಗಳ ಬಳಿಗೇ ಹೋಗಬೇಕು. ತುರ್ತು ಚಿಕಿತ್ಸೆಗೆ ಅದು ದೇಶದ ಎಲ್ಲಿದ್ದರೂ ಹಣ ಕೊಡಲೇಬೇಕು, ಆ ರಾತ್ರಿಯ ಬಿಲ್ಲಿಗೆ ತೊಂದರೆಯಾಗಲಿಲ್ಲ. ಮುಂದಿನ ವಾರ ಮೂತ್ರರೋಗದ ಡಾಕ್ಟರನ್ನು ನೋಡಿ ಎಂದಾಗ ಸಿಕ್ಕಿಕೊಂಡಿತು: ಅವರ ಜಾಲದ ಡಾಕ್ಟರುಗಳೆಲ್ಲ ಫೀನಿಕ್ಸ್ ಸುತ್ತಮುತ್ತ. ಐದು ತಿಂಗಳು ಇರಲು ಹೋಗುತ್ತಿದ್ದ ಸೀಡರ್‌ವಿಲ್‌ನಲ್ಲಿ ಅವರಿಗೆ ಮಾಮೂಲಿ ಚಿಕಿತ್ಸೆಗೆ ವಿಮೆಯೇ ಇರಲಿಲ್ಲ ಎಂದಾಯಿತು. ಮೂಲ ಮೆಡಿಕೇರಿಗೆ ಮರಳಲು ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗಿನ ಅವಧಿ ಕಾಯಬೇಕು. ಮರಳಿದರೂ, ಮೆಡಿಕೇರ್ ಕೊಡದೆ ಉಳಿಸುವ ಪಾಲನ್ನು ತುಂಬುವ ಪೂರಕ ಪಾಲಿಸಿ ಕೊಡುವ ಕಂಪನಿ ಹೆಚ್ಚಿನ ರಾಜ್ಯಗಳಲ್ಲಿ ಆರೋಗ್ಯದ ಜಾತಕ ಕೇಳಬಹುದು. 73ಕ್ಕೆ, ಕಲ್ಲು ಬಿದ್ದ ಮೇಲೆ.

ಭಾನುವಾರ ಮಧ್ಯಾಹ್ನ ಅನ್ನ, ಸಾರು, ಇಂಜಿನ್ ಮೇಲೆ ಹೆಪ್ಪು ಹಾಕಿದ ಮೊಸರಿನ ಊಟ ಮುಗಿಸಿ ಮೂವರೂ ಕೂತೆವು. ಗಾಡಿಯನ್ನು ಅಲ್ಲೇ ಬಾಡಿಗೆಗೆ ನಿಲ್ಲಿಸಿ ವಿಮಾನ ಹತ್ತಬಹುದು, ಆದರೆ ತರಲು ಮತ್ತೆ ಯಾರಾದರೂ ಬರಬೇಕು. ಹಣ ಕೊಟ್ಟರೆ ಓಡಿಸಿಕೊಂಡು ಹೋಗಿ ಮುಟ್ಟಿಸುವ ಚಾಲಕರು ಸಿಗುತ್ತಾರೆ. ಮನೆಯ ಬೀಗದ ಕೈಯನ್ನು ಗುರುತಿಲ್ಲದವನಿಗೆ ಕೊಡಲು ಚಿಕ್ಕಮ್ಮ ಒಪ್ಪಲಿಲ್ಲ. ಮಗ ನ್ಯೂಜೆರ್ಸಿಯಿಂದ ಫೋನಿನಲ್ಲಿ 'ಮಾರಿಬಿಡಿ ಅಪ್ಪಾ' ಎಂದ. ನಾನು ಓಡಿಸುತ್ತೇನೆ ಎಂದೆ. ಅಷ್ಟು ಉದ್ದದ್ದು ನಾನೂ ಓಡಿಸಿದವನಲ್ಲ, ರಜೆ ಇದ್ದದ್ದು ಒಂದು ವಾರ ಮಾತ್ರ.

ಚಿಕ್ಕಮ್ಮ ತಟ್ಟೆ ತೊಳೆಯುತ್ತಿದ್ದವರು ತಿರುಗಲೂ ಇಲ್ಲ. 'ಮೂವತ್ತು ವರ್ಷ ಮಿಶಿಗನ್ ಹಿಮದಲ್ಲಿ ರಾತ್ರಿ ಪಾಳಿಗೆ ನಾನೇ ಡ್ರೈವ್ ಮಾಡ್ಕೊಂಡು ಹೋಗಿದೀನಿ. ನನ್ನನ್ನ ಯಾರೂ ಕೇಳ್ತಾನೇ ಇಲ್ವಲ್ಲ' ಎಂದರು.

'ಕಾರು ಬೇರೆ, ಇದು ಬೇರೆ ಕಣೇ.'

'ರೀ, ನೀವು ಕಲಿಯೋವಾಗ ನಿಮಗೂ ಬೇರೆಯೇ ಆಗಿತ್ತು.'

ಚಿಕ್ಕಪ್ಪ ಕಲಿಸುವುದು ಬೇಡ ಎಂದು ತೀರ್ಮಾನಿಸಿದ್ದು ನಾನು, ಈ ಇಡೀ ಪ್ರಸಂಗದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ. ಗಂಡ ಹೆಂಡತಿಗೆ ಗಾಡಿ ಕಲಿಸಿದ ಯಾವ ಮನೆಯಲ್ಲೂ ನೆಮ್ಮದಿ ಕಂಡಿಲ್ಲ. ಕಲಿಸಿದ್ದು ಪಾರ್ಕಿನ ಪಕ್ಕದ ಜಾಗದ ಆ ಕ್ಯಾನ್ಸಸ್‌ನ ಹೆಂಗಸು. ಇಪ್ಪತ್ತಾರು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತರಾದವರು ಎಂಬುದು ಆಸ್ಪತ್ರೆಯ ದಾರಿಯಲ್ಲೇ ಚಿಕ್ಕಮ್ಮನಿಗೆ ತಿಳಿದಿತ್ತು. ಸೋಮವಾರ ಪೈಪ್ ಆಯಿತು. ಮಂಗಳವಾರ ಉಳಿದ ಐದು ಟೈರುಗಳನ್ನೂ ಬದಲಿಸಿದೆವು. ತೈಲಬಾವಿಗಳ ಲಾರಿ ಓಡಾಡುವ ಊರಾದ್ದರಿಂದ ಆ ಅಳತೆಯ ಟೈರ್ ಅಲ್ಲೇ ಸಿಕ್ಕಿತು. ಬುಧವಾರ ಊರಾಚೆಯ ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಹಾಲಿನ ಖಾಲಿ ಡಬ್ಬಿಗಳಿಗೆ ನೀರು ತುಂಬಿಸಿ ಸಾಲಾಗಿ ಇಟ್ಟರು.

ಮೊದಲ ಒಂದು ಗಂಟೆ ಗಾಡಿ ಹೊರಡಲೇ ಇಲ್ಲ. ಸೀಟು ಎಷ್ಟು ಎತ್ತರ, ಕನ್ನಡಿ ಯಾವುದು ಏನು ತೋರಿಸುತ್ತದೆ, ಅಷ್ಟೇ ಪಾಠ. ಈ ಗಾಡಿಯಲ್ಲಿ ಚಾಲಕ ಕೂರುವುದು ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ. ಕಾರಿನ ಅಭ್ಯಾಸದಲ್ಲಿ ತಿರುಗಿಸಿದರೆ ಬೇಗ ತಿರುಗಿಸಿದಂತಾಗಿ ಹಿಂದಿನ ಚಕ್ರ ಕಲ್ಲುಕಟ್ಟೆ ಹತ್ತುತ್ತದೆ. ತನ್ನ ಮೈ ತಿರುವನ್ನು ದಾಟಿ ಮುಂದೆ ಹೋದ ಮೇಲೆ ತಿರುಗಿಸಬೇಕು. ಹಿಂದಿನ ಚಕ್ರದಾಚೆ ಹತ್ತು ಅಡಿ ಬಾಲ ಇದೆ, ಬಲಕ್ಕೆ ತಿರುಗಿಸಿದರೆ ಆ ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳನ್ನು ಉರುಳಿಸುವುದು ಆ ಬಾಲ. ಚಿಕ್ಕಮ್ಮ ಎರಡು ಡಬ್ಬಿ ಒಡೆದರು. ಲಾರಿ ಪಕ್ಕ ಹಾಯುವಾಗ ಗಾಳಿ ಮೊದಲು ದೂಡಿ ಆಮೇಲೆ ಎಳೆಯುತ್ತದೆ, ಸ್ಟೀರಿಂಗನ್ನು ಹಿಡಿದಿರಬೇಕೇ ಹೊರತು ಅದರೊಡನೆ ಜಗಳವಾಡಬಾರದು ಎಂಬುದನ್ನು ಗುರುವಾರ ಐ-40ರ ಮೇಲೆಯೇ ಹೇಳಿಕೊಟ್ಟರು. ಟೈರ್ ಸಿಡಿದರೆ ಬ್ರೇಕ್ ಮುಟ್ಟಬೇಡ, ಮೊದಲು ನೇರ ಇಟ್ಟುಕೋ, ವೇಗ ತಾನೇ ಇಳಿಯಲಿ ಎಂಬುದನ್ನು ಬಾಯಿಪಾಠ ಮಾಡಿಸಿದರು. ಚಿಕ್ಕಪ್ಪ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಡಾಕ್ಟರ ಅಪ್ಪಣೆಯಂತೆ ನೀರು ಕುಡಿಯುತ್ತ ನೋಡುತ್ತಿದ್ದರು. ಒಂದು ಸಲವೂ ಕೂಗಿ ಹೇಳಲಿಲ್ಲ. ಅವರಿಗೆ ಅದೆಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ದಾರಿಯನ್ನೂ ಬದಲಿಸಿದೆವು. ಚಿಕ್ಕಪ್ಪನ ಯೋಜನೆಯಲ್ಲಿ ಷಿಕಾಗೊ ಸುತ್ತಿ ಮಿಶಿಗನ್ನಿನ ಕೆಳಭಾಗದಿಂದ ಮ್ಯಾಕಿನಾ ಸೇತುವೆ ದಾಟುವುದಿತ್ತು. 1957ರ ನವೆಂಬರಿನಲ್ಲಿ ತೆರೆದ, ಎಂಟು ಕಿಲೋಮೀಟರ್ ಉದ್ದದ ಆ ತೂಗುಸೇತುವೆ ಎಂದರೆ ಅವರಿಗೆ ಪ್ರಾಣ. ಆದರೆ ಅಲ್ಲಿ ಗಾಳಿ ಗಂಟೆಗೆ 35 ಮೈಲಿ ಮುಟ್ಟಿದರೆ ಇಂಥ ಎತ್ತರದ ಗಾಡಿಗಳನ್ನು ಬೆಂಗಾವಲಿನಲ್ಲಿ ನಿಧಾನ ದಾಟಿಸುತ್ತಾರೆ, ಇನ್ನೂ ಹೆಚ್ಚಿದರೆ ಬಿಡುವುದೇ ಇಲ್ಲ. ಹೊಸ ಚಾಲಕಿಗೆ ಷಿಕಾಗೊ ದಟ್ಟಣೆಯೂ ಬೇಡ, ಸೇತುವೆಯೂ ಬೇಡ. ಇಲಿನಾಯ್‌ನ ನಾರ್ಮಲ್ ಊರಿನಿಂದ ಐ-39 ಹಿಡಿದು ವಿಸ್ಕಾನ್ಸಿನ್ ಮೂಲಕ ಯು.ಪಿ.ಯನ್ನು ಪಶ್ಚಿಮದಿಂದ ಹೊಕ್ಕರೆ ಎರಡೂ ತಪ್ಪುತ್ತವೆ. ದಿನಕ್ಕೆ 200 ಮೈಲಿ ಮೀರಬಾರದು, ನಗರಗಳನ್ನು ಆಫೀಸಿನ ದಟ್ಟಣೆ ಇಳಿದ ಮೇಲೆ ದಾಟಬೇಕು, ಒಳಗೆ ನೇರ ಹೊಕ್ಕು ನೇರ ಹೊರಬೀಳುವ 'ಪುಲ್-ಥ್ರೂ' ಜಾಗ ಮಾತ್ರ ಬುಕ್ ಮಾಡಬೇಕು ಎಂಬ ಷರತ್ತುಗಳನ್ನು ಚಿಕ್ಕಮ್ಮನೇ ಬರೆದಿಟ್ಟರು.

ಶನಿವಾರ ಬೆಳಿಗ್ಗೆ ಹೊರಟರು, ನಾನು ಹಿಂದೆ ಕಾರಿನಲ್ಲಿ. ಒಕ್ಲಹೋಮ ಸಿಟಿಯ ಕೂಡುರಸ್ತೆಗಳಲ್ಲಿ ಅವರ ವೇಗ ಗಂಟೆಗೆ 55 ಮೈಲಿ, ಹಿಂದಿನಿಂದ ಹಾರ್ನ್. ಕದಲಲಿಲ್ಲ. 155 ಮೈಲಿಯಾಚೆ ಮೊದಲ ರಾತ್ರಿ ನಿಲ್ಲಿಸಿದ ಊರಿನ ಹೆಸರೂ ಚಾಂಡ್ಲರ್, ಒಕ್ಲಹೋಮದ ಚಾಂಡ್ಲರ್. 'ಹನ್ನೊಂದು ದಿನ ಓಡಿಸಿ ಚಾಂಡ್ಲರ್‌ಗೇ ಬಂದ್ವಲ್ಲೋ' ಎಂದು ಚಿಕ್ಕಪ್ಪ ನಕ್ಕರು, ಪಕ್ಕೆ ಹಿಡಿದುಕೊಂಡು. ನಾನು ಅಲ್ಲಿಂದ ಡಲ್ಲಾಸಿಗೆ ತಿರುಗಿದೆ.

ಮುಂದಿನದು ನೋಟ್‌ಬುಕ್ಕಿನಲ್ಲಿದೆ. 'ಜಾಪ್ಲಿನ್. 175 ಮೈಲಿ. ಬೆಳಿಗ್ಗೆ 6.10ಕ್ಕೆ ಕಲ್ಲು ಬಿತ್ತು. ಡಬ್ಬಿಯಲ್ಲಿ ಇಟ್ಟಿದೆ.' ಲ್ಯಾಬಿನವರಲ್ಲವೇ. 'ರೋಲಾ. ಮಿಸ್ಸೂರಿಯಲ್ಲಿ ರಸ್ತೆ ಏರಿಳಿತ, ತಿರುವು. ಭುಜ ನೋವು. ನಾಳೆ ಹೊರಡುವುದಿಲ್ಲ.' ಹಿಂದಿನ ಯೋಜನೆಯಲ್ಲಿ 'ನಾಳೆ ಹೊರಡುವುದಿಲ್ಲ' ಎಂಬ ವಾಕ್ಯಕ್ಕೆ ಜಾಗವೇ ಇರಲಿಲ್ಲ. ಸೇಂಟ್ ಲೂಯಿಯಲ್ಲಿ ಮಿಸಿಸಿಪ್ಪಿ ದಾಟಿದ್ದಕ್ಕೆ ಒಂದೇ ಪದ: 'ಆಯಿತು.' ಈ ಹೊತ್ತಿಗೆ ಚಿಕ್ಕಪ್ಪನ ನೋವಿನ ಮಾತ್ರೆ ನಿಂತಿತ್ತು, ಸ್ಟೀರಿಂಗ್ ಹಿಡಿಯಬಹುದಿತ್ತು. ಸ್ಪ್ರಿಂಗ್‌ಫೀಲ್ಡಿನಿಂದ ಮುಂದೆ ಎರಡೆರಡು ಗಂಟೆ ಸರದಿ ಮಾಡಿಕೊಂಡರು. ಗ್ರೀನ್ ಬೇ ಮುಟ್ಟುವ ಹೊತ್ತಿಗೆ ಮೆಮೋರಿಯಲ್ ಡೇ ವಾರಾಂತ್ಯ ಬಂದಿತ್ತು, ಅಮೆರಿಕದವರೆಲ್ಲ ಟೆಂಟು ಹೊತ್ತು ಹೊರಡುವ ಹೊತ್ತು. ಒಂದೂ ಪಾರ್ಕಿನಲ್ಲಿ ಜಾಗ ಸಿಗದೆ ಒಂದು ಕ್ಯಾಸಿನೊದ ಪಾರ್ಕಿಂಗಿನಲ್ಲಿ ಅನುಮತಿ ಕೇಳಿ ರಾತ್ರಿ ಕಳೆದರು. ಮೆನೊಮಿನಿಯಿಂದ ಸರೋವರದ ಅಂಚಿನ ಎಂ-35 ರಸ್ತೆ, ಎಸ್ಕನಾಬದಿಂದ ಯುಎಸ್-2 ಹೆದ್ದಾರಿ. ಆ ದಾರಿಯಲ್ಲಿ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಕಾಲಿಟ್ಟಾಗ ಮತ್ತೆ ಒಂದು ಗಂಟೆ ಮುಂದೆ, ಯು.ಪಿ.ಯ ಪಶ್ಚಿಮದ ನಾಲ್ಕು ಜಿಲ್ಲೆ ಮಾತ್ರ ವಿಸ್ಕಾನ್ಸಿನ್ ಕಾಲ ಇಟ್ಟುಕೊಂಡಿವೆ. ಎಂಟು ದಿನದ ಪ್ರಯಾಣ ಹತ್ತೊಂಬತ್ತನೆಯ ದಿನ ಭಾನುವಾರ ಮುಗಿಯಿತು.

ಮನೆಯ ಬೀಗ ತೆಗೆದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸಿಂಕಿನ ಕೆಳಗಿನ ಪೈಪ್ ಒಡೆದಿತ್ತು, ಹಾಸಿಗೆಯಲ್ಲಿ ಇಲಿ ಸಂಸಾರ ಹೂಡಿತ್ತು. ಪ್ಲಂಬರ್ ಬರುವವರೆಗೆ ನಾಲ್ಕು ದಿನ ಇಬ್ಬರೂ ಅಂಗಳದ ಗಾಡಿಯಲ್ಲೇ ಉಳಿದರು.

ಆಮೇಲೆ ಬದಲಾದದ್ದು ಕೆಲವಿವೆ. ಪ್ರತಿ ಟೈರಿನ ಗಾಳಿ ಮತ್ತು ಬಿಸಿಯನ್ನು ಡ್ಯಾಶ್‌ಬೋರ್ಡಿಗೆ ತೋರಿಸುವ ಸಾಧನ ಹಾಕಿಸಿದರು. ನೀರಿನ ಟ್ಯಾಂಕ್ ಮೂರನೇ ಒಂದು ಭಾಗ ಮಾತ್ರ. ಗ್ರೈಂಡರ್ ಮುಂದಿನ ಸೀಟಿನ ಹಿಂದೆ ಬಂತು. ಇಬ್ಬರ ಮಾತ್ರೆಗಳ ಪಟ್ಟಿ ಸನ್‌ವೈಸರಿನಲ್ಲಿ ಸಿಕ್ಕಿಸಿದೆ, ಚಿಕ್ಕಪ್ಪ ಅದನ್ನು ಕಂಠಪಾಠ ಒಪ್ಪಿಸಬಲ್ಲರು. ಮಲದ ಟ್ಯಾಂಕಿನ ಕೊಳವೆ ಹಿಡಿಯಲು ಚಿಕ್ಕಮ್ಮ ಕಲಿತಿದ್ದಾರೆ, ಇಷ್ಟಪಟ್ಟಿಲ್ಲ. ವಿಮೆ ಬದಲಿಸಲು ಅಕ್ಟೋಬರಿನಲ್ಲಿ ಅರ್ಜಿ ಹಾಕಿದರು, ಪೂರಕ ಪಾಲಿಸಿಯ ಕಂತು ಮೊದಲಿಗಿಂತ ಸಾಕಷ್ಟು ಜಾಸ್ತಿ.

ಸೆಪ್ಟೆಂಬರಿನ ವಾಪಸಾತಿಗೆ ಹದಿನಾರು ದಿನ ಇಟ್ಟುಕೊಂಡರು. ಹೆದ್ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಓಡಿಸಿದವರು ಚಿಕ್ಕಮ್ಮ. ಹಿಂದಕ್ಕೆ ತೆಗೆಯುವುದು ಮಾತ್ರ ಇನ್ನೂ ಚಿಕ್ಕಪ್ಪನ ಪಾಲಿನದೇ. ಪುಲ್-ಥ್ರೂ ಸಿಗದ ಕಡೆ ಚಿಕ್ಕಮ್ಮ ಇಳಿದು, ಹಿಂದೆ ನಿಂತು, ಎರಡೂ ಕೈ ಎತ್ತಿ 'ಬನ್ನಿ, ಬನ್ನಿ, ಸಾಕು' ಎನ್ನುತ್ತಾರೆ.